ಅಜ್ಜಿಗೆ ಹೇಳಿದ ಲೆಕ್ಕ

ಡಿಸೆಂಬರ್ 9, 1993, ಗುರುವಾರ

ಫೇಲು. ಸಂಖ್ಯಾಶಾಸ್ತ್ರದಲ್ಲಿ ಮೂವತ್ತೊಂದು, ಬೇಕಿದ್ದದ್ದು ಐವತ್ತು. ಉಳಿದದ್ದೆಲ್ಲ ಪಾಸಾಗಿದೆ, ಆದರೆ ಉಳಿದದ್ದನ್ನು ಕೇಳುವವರು ಯಾರು?

ಸಮುದ್ರದಾಚೆಯ ಸುವಾದಲ್ಲಿರುವ ನಮ್ಮ ವಿಶ್ವವಿದ್ಯಾಲಯದಿಂದ ಬಂದ ಹಾಳೆಯನ್ನು ಇಲ್ಲಿ ನಮ್ಮ ದ್ವೀಪದ ನುಕುಅಲೋಫ ಪಟ್ಟಣದ ಕೇಂದ್ರದಲ್ಲಿ ಬೋರ್ಡಿಗೆ ಅಂಟಿಸಿದ್ದರು. ನನ್ನ ಹೆಸರು ಹುಡುಕುವಾಗ ಮೊದಲು ಕಣ್ಣಿಗೆ ಬಿದ್ದದ್ದು ತಂಗಿಯ ಹೆಸರು. ತೋಕಿಲುಪೆ, ಪ್ರಥಮ ದರ್ಜೆ. ನನಗಿಂತ ಒಂದು ವರ್ಷ ಚಿಕ್ಕವಳು. ನಾನು ನಡುವೆ ಒಂದು ವರ್ಷ ರಗ್ಬಿಗೆ ಬಲಿಕೊಟ್ಟಿದ್ದರಿಂದ ಇಬ್ಬರೂ ಒಟ್ಟಿಗೇ ಮುಗಿಸಬೇಕಾಗಿತ್ತು. ಅವಳು ಮುಗಿಸಿದಳು.

ಇದಿಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಹೋದ ಶನಿವಾರ ಅಪ್ಪ ಊರಿಗೆಲ್ಲ ಊಟ ಹಾಕಿಸಿದ್ದಾರೆ. ಮಕ್ಕಳಿಬ್ಬರೂ ಪರೀಕ್ಷೆ ಮುಗಿಸಿ ಬಂದಿದ್ದಾರೆ ಎಂದರೆ ಪಾಸಾಗಿ ಬಂದಿದ್ದಾರೆ ಎಂದೇ ಅವರ ಲೆಕ್ಕ. ಆರು ಹಂದಿ ಕಡಿದರು. ಪಾದ್ರಿಗಳು ಇಬ್ಬರು ಪದವೀಧರರಿಗಾಗಿ ದೇವರಿಗೆ ವಂದನೆ ಹೇಳಿದರು. ಎರಡು ಪ್ರಶ್ನೆಗಳನ್ನು ಮುಟ್ಟದೆ ಖಾಲಿ ಬಿಟ್ಟು ಬಂದಿದ್ದೇನೆ ಎಂದು ನನಗೆ ಆಗಲೇ ಗೊತ್ತಿತ್ತು. ಆದರೂ ಕೊರಳೊಡ್ಡಿ ಹಾರ ಹಾಕಿಸಿಕೊಂಡೆ, ಹಂದಿಯ ಬೆನ್ನಿನ ತುಂಡು ತಿಂದೆ, ಬಾಯಿ ಮುಚ್ಚಿಕೊಂಡು ಕೂತೆ.

ಸಂಜೆ ಅಪ್ಪ ಹಿತ್ತಲಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು.

"ಅಪ್ಪಾ, ಒಂದು ಪೇಪರ್ ಹೋಯ್ತು."

"ಯಾವುದು?"

"ಸಂಖ್ಯಾಶಾಸ್ತ್ರ. ಜನವರಿ ಹದಿನೆಂಟಕ್ಕೆ ಮತ್ತೆ ಕೊಡ್ತಾರೆ. ಅದರಲ್ಲಿ ಪಾಸಾದ್ರೆ ಹೈಸ್ಕೂಲಿನ ಕೆಲಸ ಹೋಗಲ್ಲ. ಹೆಡ್ಮಾಸ್ಟರು ಫೆಬ್ರವರಿವರೆಗೂ ಜಾಗ ಇಟ್ಕೊಂಡಿರ್ತಾರಂತೆ."

ಅಪ್ಪ ಕೈಯಲ್ಲಿದ್ದ ಕಾಯನ್ನು ಪೂರ್ತಿ ಸುಲಿದು ಉಳಿದವುಗಳ ಜೊತೆ ಇಟ್ಟರು. ಆಮೇಲೆ ಒಳಗೆ ಹೋದರು. ಬೈದಿದ್ದರೆ ವಾಸಿಯಿತ್ತು.

ಡಿಸೆಂಬರ್ 11, ಶನಿವಾರ

ಗಂಡಸರ ಕೂಟಕ್ಕೆ, ಕಾವಾ ಬೇರಿನ ಕಷಾಯ ಕುಡಿಯಲು ಹೋಗಬಾರದಿತ್ತು. ಹೋಗದಿದ್ದರೆ ಹೆದರಿದ ಎನ್ನುತ್ತಾರಲ್ಲ ಎಂದು ಹೋದೆ.

"ಕೆಪು, ಹಂದಿ ಭಾಳ ಚೆನ್ನಾಗಿತ್ತಪ್ಪಾ," ಅಂದ ಪೌಲಿಯಾಸಿ ಮಾವ. "ನಿಮ್ಮನೇಲಿ ಪಾಸಾದ ಗಂಡು ಅಂದ್ರೆ ಅದೊಂದೇ."

"ವಾಪಸ್ ಕೊಡೋಣ ಅಂದ್ರೆ ಹೊಟ್ಟೇಲಿ ಇಲ್ವಲ್ಲೋ ಈಗ," ಅಂದ ಇನ್ನೊಬ್ಬ.

"ಜನವರೀಲಿ ಮತ್ತೆ ಬರೀತಾನಂತೆ. ಇನ್ನೊಂದು ಊಟ ಗ್ಯಾರಂಟಿ!"

ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಅಷ್ಟರಲ್ಲಿ ಚಿಕ್ಕಪ್ಪನ ಮಗಳು ಕಾವಾ ಬಡಿಸಲು ಬಂದು ಕೂತಳು. ತಂಗಿಯಾದವಳ ಎದುರು ಅಣ್ಣನನ್ನು ಛೇಡಿಸುವಂತಿಲ್ಲವಲ್ಲ, ಅವರೆಲ್ಲ ತಕ್ಷಣ ಹೆಗ್ಗೆಣಸಿನ ಬೆಳೆಯ ಬಗ್ಗೆ ಮಾತಾಡತೊಡಗಿದರು. ಮನೆಗೆ ಬಂದು ಹುಡುಗರು ಬೇರೆಯಾಗಿ ಮಲಗುವ ಗುಡಿಸಲಲ್ಲಿ ಗೋಡೆಗೆ ಮುಖ ಮಾಡಿ ಮಲಗಿದೆ. ಅತ್ತುಬಿಟ್ಟೆ.

ಡಿಸೆಂಬರ್ 14, ಮಂಗಳವಾರ

ನಮ್ಮ ಮನೆಯ ಪ್ರಥಮ ದರ್ಜೆಯವರಿಗೆ ಡನೀಡಿನ್‌ನ ವಿಶ್ವವಿದ್ಯಾಲಯದಿಂದ ಪತ್ರ ಬಂದಿದೆ. ಮುಂದಿನ ಓದಿಗೆ ಸೀಟು ಸಿಕ್ಕಿದೆ. ಫೆಬ್ರವರಿ ಹನ್ನೆರಡಕ್ಕೆ ವಿಮಾನ. ಅಮ್ಮ ಅಳುತ್ತಾ ನಗುತ್ತಾ ಬೀದಿಗೆಲ್ಲ ಹೇಳಿ ಬಂದಳು. ನನ್ನ ಹತ್ತಿರ ಬಂದಾಗ ಮಾತ್ರ ಮುಖ ಸಣ್ಣಗೆ ಮಾಡಿಕೊಂಡು, ಕೆಸವಿನೆಲೆಯಲ್ಲಿ ಸುತ್ತಿ ಬೇಯಿಸಿದ ಮಾಂಸದ ಬುತ್ತಿಯಿಟ್ಟು ಹೋದಳು. ನನಗೆ ಅದನ್ನು ಎತ್ತಿ ಬಿಸಾಡುವಷ್ಟು ಹೊಟ್ಟೆಯುರಿ. ಬಿಸಾಡಲಿಲ್ಲ, ತಿಂದೆ.

ತಂಗಿಯ ಮುಖ ನೋಡುವ ಪ್ರಮೇಯವಿಲ್ಲ ಎನ್ನುವುದೊಂದೇ ಪುಣ್ಯ. ನನಗೆ ಹನ್ನೆರಡು ತುಂಬಿದ ದಿನದಿಂದ ನಾವಿಬ್ಬರೂ ಒಂದು ಕೋಣೆಯಲ್ಲಿ ಕೂತಿಲ್ಲ, ಒಬ್ಬರಿಗೊಬ್ಬರು ಮಾತಾಡಿಲ್ಲ. ನಮ್ಮಲ್ಲಿ ಅಣ್ಣ ತಂಗಿ ಇರಬೇಕಾದದ್ದೇ ಹಾಗೆ. ಸುವಾದಲ್ಲೂ ಅವಳು ಕ್ಯಾಂಟೀನಿಗೆ ಬಂದರೆ ನಾನು ತಟ್ಟೆ ಬಿಟ್ಟು ಏಳುತ್ತಿದ್ದೆ. ಬೇರೆ ದ್ವೀಪಗಳ ಹುಡುಗರು ನಮ್ಮಿಬ್ಬರಿಗೆ ಜಗಳವಾಗಿದೆ ಎಂದುಕೊಂಡಿದ್ದರು. ಈ ಪದ್ಧತಿಯನ್ನು ಗೌರವ ಎನ್ನುತ್ತಾರೆ. ಈಗ ನನಗೆ ಅದು ಬರೀ ಅನುಕೂಲ.

ಪುಸ್ತಕ ತೆಗೆದೆ. ಮೊದಲ ಪುಟವೂ ಅರ್ಥವಾಗಲಿಲ್ಲ. ತರಗತಿಯಲ್ಲೂ ಅರ್ಥವಾಗಿರಲಿಲ್ಲ. ಕೈಯೆತ್ತಿ ಕೇಳಿದರೆ ಮರ್ಯಾದೆ ಹೋಗುತ್ತದೆ ಎಂದು ಮೂರು ತಿಂಗಳು ತಲೆಯಾಡಿಸಿದ್ದೆ.

ಡಿಸೆಂಬರ್ 16, ಗುರುವಾರ

ಇವತ್ತು ಒಂದು ವಿಚಿತ್ರ ನಡೆಯಿತು.

ಅಜ್ಜಿ, ಅಂದರೆ ಅಪ್ಪನ ಅಮ್ಮ, ದಿನವಿಡೀ ಹಿಂದಿನ ಜಗಲಿಯಲ್ಲಿ ಕೂತು ಕೇದಗೆ ಗರಿಯ ಚಾಪೆ ಹೆಣೆಯುತ್ತಾಳೆ. ಬೆನ್ನ ಹಿಂದೆ ಒಳಕೋಣೆಯ ಕಿಟಕಿ. ನಾನು ಜಗಲಿಯ ಮೂಲೆಯಾಚೆಗಿನ ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂತಿದ್ದೆ. ಒಳಗಿನಿಂದ ಯಾರಿಗೂ ಕಾಣುವ ಜಾಗವಲ್ಲ ಅದು. ಇದ್ದಕ್ಕಿದ್ದಂತೆ ಕಿಟಕಿಯೊಳಗಿನಿಂದ ಪ್ರಥಮ ದರ್ಜೆಯವರ ಧ್ವನಿ ಕೇಳಿಸಿತು.

"ಅಜ್ಜೀ, ನಮ್ಮನೇಲಿ ಹತ್ತು ಕೋಳಿ ಇವೆ ಅಂತ ಇಟ್ಕೋ. ಮೂರು ಕರಿ ಕೋಳಿ."

"ಎರಡು," ಅಂದಳು ಅಜ್ಜಿ. "ಒಂದನ್ನ ನಿಮ್ಮಪ್ಪ ಪಾದ್ರಿಗೆ ಕೊಟ್ಟ."

"ಸರಿ, ಹತ್ತರಲ್ಲಿ ಎರಡು. ಕಣ್ಣು ಮುಚ್ಕೊಂಡು ಒಂದನ್ನ ಹಿಡಿದೆ. ಅದು ಕರಿದೇ ಬಂತು."

"ಕಣ್ಣು ಮುಚ್ಕೊಂಡು ಯಾಕೆ ಹಿಡೀತೀಯೆ? ದೇವರು ಕಣ್ಣು ಕೊಟ್ಟಿಲ್ವಾ?"

"ಅಜ್ಜೀ! ಆ ಕೋಳೀನ ವಾಪಸ್ ಬಿಡಲಿಲ್ಲ. ಇನ್ನೊಂದು ಹಿಡಿದ್ರೆ ಅದೂ ಕರಿ ಆಗಿರೋ ಸಂಭವ ಎಷ್ಟು?"

ಎಂಟು ವರ್ಷದ ಮಗುವಿಗೆ ಹೇಳುವಂತೆ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಎಂಬತ್ತರ ಅಜ್ಜಿಗೆ ಇದೆಲ್ಲ ಯಾಕೆ ಎಂದುಕೊಂಡೆ. ಆಮೇಲೆ ಹೊಳೆಯಿತು. ಮೈಯೆಲ್ಲ ಉರಿದುಹೋಯಿತು. ನನಗೆ ಭಿಕ್ಷೆ ಹಾಕುತ್ತಿದ್ದಾಳೆ! ಎದ್ದು ಹೋಗಬೇಕೆಂದುಕೊಂಡೆ. ಆದರೆ ಉಳಿದದ್ದು ಒಂಬತ್ತು ಕೋಳಿ, ಅದರಲ್ಲಿ ಕರಿಯದು ಒಂದೇ ಎನ್ನುವುದು ಅಷ್ಟರಲ್ಲಿ ತಲೆಯೊಳಗೆ ಬಂದುಬಿಟ್ಟಿತ್ತು. ಬಾಯಿಗೂ ಬಂತು.

"ಏನೋ ಗೊಣಗ್ತಿದೀಯ?" ಅಂದಳು ಅಜ್ಜಿ.

"ಒಂಬತ್ತರಲ್ಲಿ ಒಂದು, ಅಜ್ಜಿ."

ಕಿಟಕಿಯೊಳಗೆ ಪುಟ ತಿರುಗಿಸಿದ ಸದ್ದಾಯಿತು.

"ಅಜ್ಜೀ, ಉತ್ತರ ಸರಿಯಾಗಿದೆ."

"ನಾನೇನೂ ಹೇಳ್ಲೇ ಇಲ್ವಲ್ಲೇ!"

ಡಿಸೆಂಬರ್ 21, ಮಂಗಳವಾರ

ಐದನೇ ಪಾಠ. ಭಾನುವಾರ ಬಿಟ್ಟು ದಿನಾ ನಡೆಯುತ್ತಿದೆ. ಹೋಗಬಾರದು ಎಂದುಕೊಂಡೇ ಹೋಗಿ ಕೂರುತ್ತೇನೆ.

ಇವತ್ತು ಸರಾಸರಿ. ಊರಿನ ಗಂಡಸರ ತೂಕದ ಸರಾಸರಿ ತೆಗೆದರೆ ಒಬ್ಬ ಸರಾಸರಿ ಮನುಷ್ಯ ಸಿಗುತ್ತಾನೆ ಎಂದಳು ಪ್ರಥಮ ದರ್ಜೆ.

"ಯಾರವನು?" ಎಂದು ಕೇಳಿದಳು ಅಜ್ಜಿ.

"ಯಾರೂ ಅಲ್ಲ, ಅಜ್ಜಿ. ಅಂಥವನೊಬ್ಬ ಇರಲೇಬೇಕು ಅಂತಿಲ್ಲ."

"ಇಲ್ಲದೇ ಇರೋನ್ನ ಹುಡುಕೋಕೆ ಸುವಾಕ್ಕೆ ಹೋಗಿದ್ರಾ ಇಬ್ಬರೂ?"

ಒಳಗಿನಿಂದ ನಗು ಕೇಳಿಸಿತು. ತಂಗಿ ಹೀಗೆ ನಗುತ್ತಾಳೆ ಎಂದು ನನಗೆ ಮರೆತೇ ಹೋಗಿತ್ತು. ಎಂಟು ವರ್ಷದವಳಿದ್ದಾಗಲೂ ಹೀಗೇ, ಕೊನೆಯಲ್ಲಿ ಬಿಕ್ಕಳಿಸಿದ ಹಾಗೆ.

ಪ್ರಶ್ನೆ ಕೇಳುವುದಕ್ಕೂ ದಾರಿ ಸಿಕ್ಕಿದೆ. "ಅಜ್ಜೀ, ವ್ಯತ್ಯಾಸಗಳನ್ನ ಯಾಕೆ ವರ್ಗ ಮಾಡ್ಬೇಕು?" ಎಂದು ಅಂಗಳದ ಕಡೆ ನೋಡಿ ಕೇಳುತ್ತೇನೆ. ಅಜ್ಜಿ "ನನಗೇನು ಗೊತ್ತು" ಎಂದು ಬೈಯುತ್ತಾಳೆ. ಆಮೇಲೆ ಕಿಟಕಿಯಿಂದ ಉತ್ತರ ಅಜ್ಜಿಗೆ ಬರುತ್ತದೆ. ಮೂರು ತಿಂಗಳಲ್ಲಿ ಕೇಳಬೇಕಿದ್ದ ಪ್ರಶ್ನೆಗಳನ್ನೆಲ್ಲ ಐದು ದಿನದಲ್ಲಿ ಕೇಳಿದ್ದೇನೆ.

ಅಪ್ಪ ಈಗಲೂ ಮಾತಾಡುವುದಿಲ್ಲ. ಏನಾದರೂ ಬೇಕಿದ್ದರೆ ನನ್ನೆದುರೇ ಅಮ್ಮನಿಗೆ "ಅವನಿಗೆ ಹೇಳು" ಎನ್ನುತ್ತಾರೆ.

ಡಿಸೆಂಬರ್ 26, ಭಾನುವಾರ

ಕ್ರಿಸ್‌ಮಸ್ ಕಳೆಯಿತು. ಚರ್ಚಿನ ಗಾಯನ ಮೇಳವನ್ನು ನಡೆಸುವವರು ಅಪ್ಪ. ನಾನು ಕೆಳಸ್ಥಾಯಿಯವರ ಸಾಲಿನಲ್ಲಿ ನಿಲ್ಲುವವನು. ಒಂದೂವರೆ ಗಂಟೆ ಹಾಡಿದೆವು. ಅಪ್ಪನ ಕಣ್ಣು ಎಲ್ಲರ ಮೇಲೂ ಬಂತು, ನನ್ನ ಮೇಲೆ ಬರಲಿಲ್ಲ.

ಜನವರಿ 6, 1994, ಗುರುವಾರ

ಪ್ರಾರ್ಥನಾ ವಾರ. ದಿನಕ್ಕೆರಡು ಸಲ ಚರ್ಚು, ನಡುವೆ ಒಬ್ಬರಲ್ಲ ಒಬ್ಬರ ಮನೆಯಲ್ಲಿ ಊಟ. ಅದರ ನಡುವೆಯೇ ಪಾಠ.

ತಂಗಿ ಲುಪೆ ಇವತ್ತು ಊಹೆಯನ್ನು ಪರೀಕ್ಷಿಸುವುದು ಹೇಗೆ ಎಂದು ಹೇಳಿದಳು. ಮೊದಲು ಒಂದು ಊಹೆ ಮಾಡಿಕೊಳ್ಳಬೇಕು, ಅದು ತಪ್ಪೆನ್ನಲು ಬಲವಾದ ಸಾಕ್ಷಿ ಸಿಗುವವರೆಗೂ ಅದನ್ನೇ ಹಿಡಿದಿರಬೇಕು.

"ಅಂದ್ರೆ," ಎಂದಳು ಅಜ್ಜಿ ಗರಿ ಸೀಳುತ್ತಾ, "ಇವನು ದಡ್ಡ ಅಂತ ಊರವರು ಊಹೆ ಮಾಡಿದ್ದಾರೆ. ಹದಿನೆಂಟನೇ ತಾರೀಖಿನವರೆಗೂ ಅದನ್ನೇ ಹಿಡ್ಕೊಂಡಿರ್ತಾರೆ."

"ಹೂಂ, ಅಜ್ಜಿ," ಎಂದಳು ಲುಪೆ. "ಆದ್ರೆ ಆ ಊಹೆ ಮಾಡ್ಕೊಂಡವರು ಲೆಕ್ಕ ಸರಿಯಾಗಿ ಮಾಡಿಲ್ಲ."

ಪುಸ್ತಕದ ಮೇಲೆ ಕಣ್ಣಿಟ್ಟು ಕೂತಿದ್ದೆ. ಅಕ್ಷರಗಳು ಕಲಸಿಹೋದವು.

ಹೆಣೆಯುವಾಗ ಅಜ್ಜಿ ಈಗೀಗ ನಡುನಡುವೆ ನಿಲ್ಲಿಸುತ್ತಾಳೆ, ಗರಿಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂರುತ್ತಾಳೆ. ಸೆಖೆ ಜಾಸ್ತಿಯಾಗಿದೆ.

ಜನವರಿ 12, ಬುಧವಾರ

ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದೆ. ಅಜ್ಜಿ ಅದನ್ನು ತಿರುಗಿ ನೋಡದೆ ಕಿಟಕಿಯೊಳಗೆ ದಾಟಿಸಿದಳು. ಒಂದು ಗಂಟೆಯ ಮೇಲೆ ಅದೇ ದಾರಿಯಲ್ಲಿ ವಾಪಸ್ ಬಂತು. ಐವತ್ತೆಂಟು! ಕೆಳಗೆ ಸಣ್ಣಗೆ ಪೆನ್ಸಿಲಿನಲ್ಲಿ "ಅಜ್ಜಿ ಏಳನೇ ಪ್ರಶ್ನೆಯಲ್ಲಿ ಅವಸರ ಮಾಡಿದ್ದಾಳೆ" ಎಂದು ಬರೆದಿತ್ತು.

ಅಜ್ಜಿಗೆ ಮೂರು ದಿನದಿಂದ ಕೆಮ್ಮು. ಅವಳ ಪಾಲಿನ ಗೆಣಸನ್ನೂ ನನ್ನ ತಟ್ಟೆಗೆ ಹಾಕಿದಳು. ತಿಂದೆ.

ಜನವರಿ 15, ಶನಿವಾರ

ಅಜ್ಜಿ ಹೋದಳು. ಬೆಳಗ್ಗೆ ಜಗಲಿಯಲ್ಲೇ. ಲುಪೆ ಒಳಗಿನಿಂದ "ಅಜ್ಜೀ" ಎಂದಳು. ನಾನು ಈಚೆಯಿಂದ "ಅಜ್ಜೀ" ಎಂದೆ.

ಜನವರಿ 17, ಸೋಮವಾರ

ಮನೆ ತುಂಬ ಜನ. ಹೆಂಗಸರು ಹೆಣದ ಸುತ್ತ ಕೂತಿದ್ದಾರೆ. ಗಂಡಸರಿಗೆ ನೆಲದೊಲೆಯ ಕೆಲಸ. ಎರಡು ದಿನದಿಂದ ಸೌದೆ ಒಡೆದು, ಕಲ್ಲು ಕಾಯಿಸಿ, ಹಂದಿ ಸುಡುತ್ತಿದ್ದೇನೆ. ಸೂತಕದವರು ಬಟ್ಟೆಯ ಮೇಲೆ ಸೊಂಟಕ್ಕೆ ಸುತ್ತಿಕೊಳ್ಳಬೇಕಾದ ಹರಕು ಚಾಪೆ ಎದೆಯವರೆಗೂ ಬರುತ್ತದೆ. ಹೊಗೆ ಅದರೊಳಗೆ ಸೇರಿಕೊಂಡಿದೆ.

ಮಣ್ಣು ಮಾಡುವುದು ನಾಳೆ ಹನ್ನೊಂದಕ್ಕೆ. ಪರೀಕ್ಷೆ ನಾಳೆ ಒಂಬತ್ತಕ್ಕೆ.

ಅಪ್ಪನನ್ನು ಕೇಳುವ ಧೈರ್ಯವಾಗಲಿಲ್ಲ. ಕೇಳುವುದಾದರೂ ಏನು? ಅಜ್ಜಿಯನ್ನು ಬಿಟ್ಟು ಲೆಕ್ಕ ಮಾಡಲು ಹೋಗಲೇ ಎಂದೇ? ಹೋಗುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಕೆಲಸ ಹೋದರೆ ಹೋಗಲಿ.

ಜನವರಿ 18, ಮಂಗಳವಾರ

ಹೋದೆ.

ಬೆಳಗ್ಗೆ ಆರೂವರೆಗೆ ನಾನು ಒಲೆಯ ಹತ್ತಿರ ಎಲೆ ಮುಚ್ಚುತ್ತಿದ್ದೆ. ಮನೆಯ ಹೆಣ್ಣುಮಗಳು ಬರುವ ಜಾಗವಲ್ಲ ಅದು. ಲುಪೆ ಬಂದಳು. ಗಂಡಸರೆಲ್ಲ ಮಾತು ನಿಲ್ಲಿಸಿ ನೆಲ ನೋಡಿದರು. ಅವಳು ನನಗೆ ಬೆನ್ನು ಮಾಡಿ ನಿಂತಳು. ಅತ್ತು ಅತ್ತು ಧ್ವನಿ ಹೋಗಿತ್ತು.

"ಏಳಕ್ಕೆ ಬಸ್ಸಿದೆ," ಎಂದಳು.

ಯಾರಿಗೆ ಹೇಳಿದಳು? ಹೊಗೆಗೆ ಹೇಳಿದಳು, ಹಂದಿಗೆ ಹೇಳಿದಳು. ಪೌಲಿಯಾಸಿ ಮಾವ ನನ್ನ ಕೈಯಿಂದ ಎಲೆ ಕಿತ್ತುಕೊಂಡ.

"ಹೋಗೋ. ತಂಗಿ ಹೇಳಿದ ಮೇಲೆ ಇನ್ನೇನು ನೋಡ್ತೀಯ? ಹಂದಿ ನಾನು ನೋಡ್ಕೋತೀನಿ."

ಅಪ್ಪ ಗೇಟಿನ ಹತ್ತಿರ ನಿಂತು ಬಂದವರನ್ನು ಬರಮಾಡಿಕೊಳ್ಳುತ್ತಿದ್ದರು. ನಾನು ಹತ್ತಿರ ಬಂದಾಗ ಪಕ್ಕದಲ್ಲಿದ್ದ ಅಮ್ಮನಿಗೆ ಹೇಳಿದರು: "ಹೋಗೋನು ಹೋಗಲಿ ಬಿಡು. ನಮ್ಮಮ್ಮನಿಗೆ ಮಣ್ಣು ಹಾಕೋಕೆ ಬೇರೆ ಮೊಮ್ಮಕ್ಕಳಿದ್ದಾರೆ."

ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. ಸೂತಕದ ಚಾಪೆಗೆ ಜಾಗ ಬಿಟ್ಟರು.

ಪರೀಕ್ಷೆಯ ಕೋಣೆಯ ಕುರ್ಚಿಯಲ್ಲಿ ಚಾಪೆ ಹಿಡಿಸಲಿಲ್ಲ. ಬಿಚ್ಚಿಡು ಎಂದು ಯಾರೂ ಹೇಳಲಿಲ್ಲ, ನಾನೂ ಬಿಚ್ಚುತ್ತಿರಲಿಲ್ಲ. ಕೊನೆಗೆ ಕುರ್ಚಿ ಸರಿಸಿ, ಮಂಡಿಯೂರಿ, ಮೇಜಿನ ಮೇಲೆ ಬರೆದೆ. ಮೇಲ್ವಿಚಾರಕಿ ಹತ್ತಿರ ಬಂದು ಬಗ್ಗಿದರು.

"ಯಾರಪ್ಪಾ ಹೋಗಿದ್ದು?"

"ಅಜ್ಜಿ."

"ಮಣ್ಣು ಎಷ್ಟು ಹೊತ್ತಿಗೆ?"

"ಹನ್ನೊಂದಕ್ಕೆ."

ಅವರು ಗೋಡೆಯ ಗಡಿಯಾರ ನೋಡಿದರು. ಇನ್ನೊಂದು ಹಾಳೆ ಬೇಕೇ ಎಂದು ಕೇಳಿ ಹೋದರು.

ಹತ್ತೂಮುಕ್ಕಾಲಿನವರೆಗೆ ಚೆನ್ನಾಗಿಯೇ ಬರೆದೆ. ಆಮೇಲೆ ಗಡಿಯಾರ ನೋಡಬಾರದಿತ್ತು. ಈಗ ಹೊರಗೆ ತರುತ್ತಾರೆ. ಈಗ ಅಪ್ಪ ಕೈಯೆತ್ತಿ ಹಾಡು ಶುರುಮಾಡಿಸುತ್ತಾರೆ. ಕೆಳಸ್ಥಾಯಿಯಲ್ಲಿ ಒಬ್ಬ ಕಡಿಮೆ. ಈಗ ಮರಳು ಸುರಿಯುತ್ತಾರೆ. ಏಳನೇ ಪ್ರಶ್ನೆಯನ್ನು ನಾಲ್ಕು ಸಲ ಓದಿದೆ, ಒಂದು ಪದವೂ ಒಳಗೆ ಹೋಗಲಿಲ್ಲ. ಹನ್ನೆರಡಕ್ಕೆ ಹಾಳೆ ತೆಗೆದುಕೊಂಡರು.

ಊರಿಗೆ ಬಂದಾಗ ಬಿಳಿ ಮರಳಿನ ದಿಬ್ಬ ಎದ್ದಿತ್ತು, ಅದರ ಮೇಲೆ ಹೂವು ಹೊದೆಸಿದ್ದರು. ಜನ ಊಟಕ್ಕೆ ಕೂತಿದ್ದರು. ನಾನು ದಿಬ್ಬದ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದೆ. ಅಳು ಬರಲಿಲ್ಲ. ಆಮೇಲೆ ಹೋಗಿ ಪಾತ್ರೆ ತೊಳೆದೆ.

ಜನವರಿ 28, ಶುಕ್ರವಾರ

ಸಮಾಧಿಗೆ ಹಾಸುವ ಕರಿಯ ನುಣುಪು ಕಲ್ಲುಗಳಿಗೆ ಎಣ್ಣೆ ಸವರಿ ಇಟ್ಟೆವು. ನಾನು ಅಮ್ಮನ ಪಕ್ಕ ಕೂತು ಇಡೀ ದಿನ ಕಲ್ಲು ಉಜ್ಜಿದೆ. ಜಗಲಿಯಲ್ಲಿ ಅಜ್ಜಿ ಕೂರುತ್ತಿದ್ದ ಜಾಗದಲ್ಲಿ ಯಾರೂ ಕೂರುವುದಿಲ್ಲ. ಅಮ್ಮ ಗುಡಿಸುವಾಗಲೂ ಸುತ್ತು ಹಾಕಿ ಹೋಗುತ್ತಾಳೆ.

ಫೆಬ್ರವರಿ 8, ಮಂಗಳವಾರ

ನಲವತ್ತಾರು.

ಫೆಬ್ರವರಿ 9, ಬುಧವಾರ

ಬೆಳಗ್ಗೆ ಹೆಡ್ಮಾಸ್ಟರ ಮನೆಗೆ ನಾನೇ ಹೋಗಿ ಹೇಳಿ ಬಂದೆ. ಅವರು ಒಳ್ಳೆಯವರು. "ವವಾಉ ದ್ವೀಪದ ಹುಡುಗಿಯೊಬ್ಬಳು ಕೇಳ್ತಿದ್ದಾಳೆ, ಇನ್ನು ಕಾಯೋಕಾಗಲ್ಲಪ್ಪಾ" ಎಂದರು. ದಾರಿಯಲ್ಲಿ ಪೌಲಿಯಾಸಿ ಮಾವ ಸಿಕ್ಕ. "ಫೇಲು, ಮಾವ" ಎಂದೆ. ಅವನು ಏನೂ ತಮಾಷೆ ಮಾಡಲಿಲ್ಲ. ಭುಜ ಹಿಡಿದು ಸ್ವಲ್ಪ ದೂರ ಜೊತೆಯಲ್ಲೇ ನಡೆದ.

ಲುಪೆಗೆ ಹೇಳಬೇಕಿತ್ತು. ಅಮ್ಮನ ಬಾಯಿಂದ ಅವಳಿಗೆ ಗೊತ್ತಾಗಿರುತ್ತದೆ, ಆದರೂ ನಾನು ಹೇಳಬೇಕಿತ್ತು. ಶನಿವಾರ ಅವಳ ವಿಮಾನ. ಮಧ್ಯಾಹ್ನ ಮೆಟ್ಟಿಲ ಮೇಲೆ ಹೋಗಿ ಕೂತೆ. ಒಳಗೆ ಕುರ್ಚಿ ಎಳೆದ ಸದ್ದಾಯಿತು. ಅವಳೂ ಬಂದು ಕೂತಳು. ನಡುವೆ ಖಾಲಿ ಜಗಲಿ. ಯಾರಿಗೆ ಹೇಳುವುದು? ಬಾಯಿ ತೆರೆದೆ, ಆದರೆ "ಅಜ್ಜೀ" ಎನ್ನಲು ಆಗಲಿಲ್ಲ. ಆವತ್ತು ಬಾರದ ಅಳು ಇವತ್ತು ಬಂತು. ಚಿಕ್ಕ ಮಗುವಿನ ಹಾಗೆ ಜೋರಾಗಿ ಅತ್ತುಬಿಟ್ಟೆ. ಕಿಟಕಿಯೊಳಗಿನಿಂದಲೂ ಅಳು ಕೇಳಿಸುತ್ತಿತ್ತು. ಅವಳು ತಡೆದುಕೊಳ್ಳಲು ನೋಡುತ್ತಿದ್ದಳು.

ಅಪ್ಪ ತೋಟದಿಂದ ಬಂದರು. ಮಂಡಿಯವರೆಗೆ ಮಣ್ಣು. ನನ್ನನ್ನು ನೋಡಿದರು, ಕಿಟಕಿ ನೋಡಿದರು. ಡ್ರಮ್ಮಿನ ನೀರಲ್ಲಿ ಕಾಲು ತೊಳೆದುಕೊಂಡರು. ಆಮೇಲೆ ಜಗಲಿ ಹತ್ತಿ ಅಜ್ಜಿಯ ಜಾಗದಲ್ಲಿ ಕೂತರು.

"ಎಷ್ಟು?" ಎಂದು ಅಂಗಳ ನೋಡಿಕೊಂಡು ಕೇಳಿದರು. ಎರಡು ತಿಂಗಳಲ್ಲಿ ನನಗೆ ಆಡಿದ ಮೊದಲ ಮಾತು.

"ನಲವತ್ತಾರು."

"ಎಷ್ಟು ಬೇಕಿತ್ತು?"

"ಐವತ್ತು."

ಅಪ್ಪ ಅಂಗೈಗೆ ಅಂಟಿದ್ದ ಮಣ್ಣು ಉಜ್ಜಿ ತೆಗೆದರು.

"ನಮ್ಮಮ್ಮನಿಗೆ ಮಣ್ಣು ಹಾಕೋ ಹೊತ್ತಲ್ಲಿ ಕೂತು ಬರೆದಿದ್ದು ಅದು. ನಾನಾಗಿದ್ರೆ ನನ್ನ ಹೆಸರು ಬರೆಯೋಕೂ ಆಗ್ತಿರಲಿಲ್ಲ."

ನಾನು ಮುಖ ಒರೆಸಿಕೊಂಡೆ.

"ಲುಪೆ, ಮತ್ತೆ ಯಾವಾಗಂತೆ ಇದು?"

"ಜೂನಲ್ಲಿ, ಅಪ್ಪಾ."

"ನೀನು ಹೊರಡೋದು ಶನಿವಾರ. ಇವತ್ತೂ ಸೇರಿಸಿದ್ರೆ ಮೂರು ದಿನ ಇದೆ. ನನಗೆ ಹೇಳು. ನಾನು ನಾಲ್ಕನೇ ಕ್ಲಾಸು ಓದಿದೋನು, ನಿಧಾನಕ್ಕೆ ಹೇಳ್ಬೇಕು."

ಕಿಟಕಿಯೊಳಗೆ ಮೂಗು ಒರೆಸಿಕೊಂಡ ಸದ್ದು. ಪುಟ ತಿರುಗಿಸಿದ ಸದ್ದು.

"ಅಪ್ಪಾ, ಆ ಹಳೇ ಪೇಪರಿನ ಏಳನೇ ಪ್ರಶ್ನೆ. ನೀವು ಎರಡು ಹೊಲದಲ್ಲಿ ಹೆಗ್ಗೆಣಸು ನೆಟ್ಟಿದ್ದೀರ ಅಂತ ಇಟ್ಕೊಳ್ಳಿ. ಒಂದಕ್ಕೆ ಗೊಬ್ಬರ ಹಾಕಿದ್ದೀರ, ಇನ್ನೊಂದಕ್ಕೆ ಹಾಕಿಲ್ಲ."

"ಯಾಕೆ ಹಾಕಿಲ್ಲ?"

"ಸುಮ್ಮನೆ, ಅಪ್ಪಾ. ನೋಡೋಣ ಅಂತ."

"ನೆಟ್ಟ ಮೇಲೆ ಎರಡಕ್ಕೂ ಹಾಕ್ಬೇಕು," ಎಂದರು ಅಪ್ಪ. ಆಮೇಲೆ ನನ್ನ ಕಡೆ ತಿರುಗಿದರು. "ನಿನಗೆ ಅರ್ಥ ಆಯ್ತೇನೋ? ನನಗಾಗಲಿಲ್ಲ. ನೀನು ಹೇಳು."

ನಾನು ಅಪ್ಪನಿಗೆ ಹೇಳತೊಡಗಿದೆ. ಬುಧವಾರದ ಪ್ರಾರ್ಥನೆಗೆ ಚರ್ಚಿನ ಗಂಟೆ ಹೊಡೆಯಿತು. ಅಕ್ಕಪಕ್ಕದವರೆಲ್ಲ ಚರ್ಚಿಗೆ ಉಡುವ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು ಹೊರಟರು, ಒಂದಿಬ್ಬರು ಗೇಟಿನ ಹತ್ತಿರ ನಿಂತು ನಮ್ಮನ್ನು ನೋಡಿದರು. ಗಂಟೆ ನಿಂತಿತು. ಅಪ್ಪ ಏಳಲಿಲ್ಲ. ಕಂಬಕ್ಕೆ ಒರಗಿಕೊಂಡು, "ಹೂಂ, ಗೊಬ್ಬರ ಹಾಕಿದ ಹೊಲದ್ದು ಮೊದಲು ಹೇಳು" ಎಂದರು.